ನಾಲ್ಕು ಪ್ರಾಣಿಗೆ ಒಂದೇ ಹೆಸರು: ಕೆಂಪು ಸಮುದ್ರದ ‘ಮುಳ್ಳಿನ ಕಿರೀಟ’ ನಕ್ಷತ್ರ ಮೀನು ಹೊಸ ಪ್ರಭೇದ ಆಗಿದ್ದು ಹೇಗೆ?

ಬಲೆ ಕೊಡವುವಾಗ ಮೀನಿನ ಜೊತೆ ಬೀಳುವ ಐದು ಕೈಯ ನಕ್ಷತ್ರ ಮೀನು ಕರಾವಳಿಯವರಿಗೆ ಹೊಸದೇನಲ್ಲ. ತಿನ್ನೋಕೆ ಬರಲ್ಲ, ಮಾರೋಕೆ ಬರಲ್ಲ. ಹಾಗಾಗಿ ದಡದಲ್ಲೇ ಒಣಗುತ್ತದೆ, ಇಲ್ಲವೇ ಮಕ್ಕಳ ಕೈ ಸೇರಿ ಕಿಟಕಿ ಕಟ್ಟೆ ಮೇಲೆ ಕೂರುತ್ತದೆ. ಆದರೆ ಇದೇ ಬಳಗದ ಒಂದು ಪ್ರಾಣಿಯ ಮೇಲೆ ಹವಳದ ದಿಬ್ಬ ಇರುವ ದೇಶಗಳೆಲ್ಲ ಕಣ್ಣಿಟ್ಟು ಕೂತಿವೆ. ಮೈತುಂಬ ವಿಷದ ಮುಳ್ಳು, ಹತ್ತಕ್ಕಿಂತ ಹೆಚ್ಚು ಕೈ, ಊಟಕ್ಕೆ ಜೀವಂತ ಹವಳ. ಇದಕ್ಕೆ ಲೋಕವೆಲ್ಲ ಕರೆಯುವ ಹೆಸರು ‘ಮುಳ್ಳಿನ ಕಿರೀಟ’.

ಈ ಮುಳ್ಳಿನ ಕಿರೀಟ ಎಲ್ಲ ಸಮುದ್ರದಲ್ಲೂ ಒಂದೇ ಅಂತ 200 ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ಅದು ತಪ್ಪು ಅಂತ ಗೊತ್ತಾಗಿದ್ದು 2008ರಲ್ಲಿ. ಕೆಂಪು ಸಮುದ್ರದಲ್ಲಿರುವುದು ಬೇರೆಯೇ ಪ್ರಭೇದ ಅಂತ ಅಧಿಕೃತವಾಗಿ ಬರೆದು, ಅದಕ್ಕೆ ‘ಅಕಾಂಥಾಸ್ಟರ್ ಬೆಂಜಿಯೈ’ ಅಂತ ಹೆಸರಿಟ್ಟಿದ್ದು 2022ರಲ್ಲಿ. ಇದ್ದದ್ದು ಗೊತ್ತಾದ ಮೇಲೂ ಹೆಸರು ಬರೋಕೆ 14 ವರ್ಷ ಬೇಕಾಯ್ತು. ಯಾಕೆ ಇಷ್ಟು ತಡ, ಒಂದು ಹೆಸರು ಬದಲಾದರೆ ಏನಾಗುತ್ತದೆ, ನಮ್ಮ ಅರಬ್ಬಿ ಸಮುದ್ರಕ್ಕೂ ಇದಕ್ಕೂ ಏನು ಸಂಬಂಧ? ವಿವರ ಇಲ್ಲಿದೆ.

ಮೊದಲು, ಪ್ರಾಣಿ ಎಂಥದ್ದು?

ನಕ್ಷತ್ರ ಮೀನು ಅಂದರೂ ಇದು ಮೀನಲ್ಲ. ಬೆನ್ನುಮೂಳೆ ಇಲ್ಲ, ರಕ್ತ ಇಲ್ಲ, ಮಿದುಳೂ ಇಲ್ಲ. ಮೈಯೊಳಗಿನ ಕೊಳವೆಗಳಲ್ಲಿ ಸಮುದ್ರದ ನೀರೇ ಓಡಾಡುತ್ತದೆ. ಹೊಟ್ಟೆ ಕೆಳಗಿನ ನೂರಾರು ಪುಟ್ಟ ನಳಿಕೆ ಪಾದಗಳು ಆ ನೀರಿನ ಒತ್ತಡದಲ್ಲೇ ಚಾಚಿ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಲೋಕದಲ್ಲಿ ಇಲ್ಲಿಯವರೆಗೆ ಸುಮಾರು 1,900 ಪ್ರಭೇದದ ನಕ್ಷತ್ರ ಮೀನುಗಳಿಗೆ ಹೆಸರಿಡಲಾಗಿದೆ. ನಮ್ಮ ಟ್ರಾಲ್ ಬಲೆಗೆ ಬರುವವು ಹೆಚ್ಚಾಗಿ ಮರಳು, ಕೆಸರಿನ ತಳದಲ್ಲಿ ಇರುವ ‘ಆಸ್ಟ್ರೋಪೆಕ್ಟೆನ್’ ಮತ್ತು ‘ಲುಯಿಡಿಯಾ’ ಕುಲದವು.

ಮುಳ್ಳಿನ ಕಿರೀಟದ ಕುಲದ ಹೆಸರು ‘ಅಕಾಂಥಾಸ್ಟರ್’. ಗ್ರೀಕ್ ಭಾಷೆಯಲ್ಲಿ ಅಕಾಂಥಾ ಅಂದರೆ ಮುಳ್ಳು, ಆಸ್ಟರ್ ಅಂದರೆ ನಕ್ಷತ್ರ. ಸಾಮಾನ್ಯವಾಗಿ 25ರಿಂದ 35 ಸೆಂಟಿಮೀಟರ್ ಅಗಲ, ಅಂದರೆ ಊಟದ ತಟ್ಟೆಯಷ್ಟು. ಅದಕ್ಕಿಂತ ದುಪ್ಪಟ್ಟು ದೊಡ್ಡವೂ ಸಿಕ್ಕಿವೆ. ಇದು ತಿನ್ನುವ ರೀತಿ ಮಾತ್ರ ವಿಚಿತ್ರ. ಹವಳದ ಮೇಲೆ ಹತ್ತಿ ಕೂತು, ತನ್ನ ಜಠರವನ್ನೇ ಬಾಯಿಂದ ಹೊರಗೆ ಹಾಕಿ, ಹವಳದ ಮೇಲೆ ಬಟ್ಟೆ ಹಾಸಿದ ಹಾಗೆ ಹಾಸುತ್ತದೆ. ಜೀರ್ಣರಸ ಅಲ್ಲೇ ಸುರಿದು, ಹವಳದ ಜೀವಕೋಶ ಕರಗಿದ ಮೇಲೆ ಹೀರಿಕೊಂಡು ಜಠರವನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಅದು ಎದ್ದು ಹೋದ ಜಾಗದಲ್ಲಿ ಬೆಳ್ಳಗಿನ ಸುಣ್ಣದ ಗೂಡು ಮಾತ್ರ ಉಳಿಯುತ್ತದೆ. ಒಂದು ದೊಡ್ಡ ಪ್ರಾಣಿ ವರ್ಷಕ್ಕೆ ಸುಮಾರು 6 ಚದರ ಮೀಟರ್ ಹವಳ ತಿನ್ನಬಲ್ಲದು. ಎಂಟಡಿಗೆ ಎಂಟಡಿ ಕೋಣೆಯ ನೆಲದಷ್ಟು ಅಂತ ಇಟ್ಟುಕೊಳ್ಳಿ.

ಒಂದೋ ಎರಡೋ ಇದ್ದರೆ ತೊಂದರೆ ಇಲ್ಲ. ವೇಗವಾಗಿ ಬೆಳೆಯುವ ಹವಳವನ್ನು ಕಡಿಮೆ ಮಾಡಿ ನಿಧಾನ ಬೆಳೆಯುವ ಹವಳಕ್ಕೆ ಜಾಗ ಮಾಡಿಕೊಡುತ್ತವೆ ಅನ್ನುವ ಲೆಕ್ಕವೂ ಇದೆ. ಸಮಸ್ಯೆ ಬರುವುದು ಸಂಖ್ಯೆ ಸ್ಫೋಟವಾದಾಗ. ದೊಡ್ಡ ಹೆಣ್ಣು ಒಂದೇ ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ನೀರಿಗೆ ಬಿಡುತ್ತದೆ. ಮರಿಗಳು ಕೆಲವು ವಾರ ನೀರಿನ ಹರಿವಿನಲ್ಲಿ ತೇಲಿ, ಎಲ್ಲೋ ದೂರದ ದಿಬ್ಬದಲ್ಲಿ ಇಳಿಯುತ್ತವೆ. ಮೊಟ್ಟೆ ಕೋಟಿ ಇದ್ದಾಗ, ಬದುಕುವ ಮರಿಗಳ ಪಾಲು ಕೂದಲೆಳೆಯಷ್ಟು ಹೆಚ್ಚಾದರೂ ಸಾಕು, ದಿಬ್ಬಕ್ಕೆ ದಿಬ್ಬವೇ ಮುಳ್ಳಿನ ಚಾಪೆ ಹೊದ್ದ ಹಾಗೆ ಆಗುತ್ತದೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1962ರಲ್ಲಿ, ಕೇರ್ನ್ಸ್ ಊರಿನ ಎದುರಿನ ಗ್ರೀನ್ ಐಲೆಂಡ್ ಹತ್ತಿರ ಇಂಥ ದಾಳಿ ಮೊದಲು ದಾಖಲಾಯಿತು. ಆಮೇಲೆ 1970ರ ದಶಕದ ಕೊನೆಗೆ, 1990ರ ದಶಕದ ಮೊದಲ ಭಾಗದಲ್ಲಿ, ಮತ್ತೆ 2010ರ ಸುಮಾರಿಗೆ ಮರುಕಳಿಸಿತು. 1985ರಿಂದ 2012ರವರೆಗಿನ ಲೆಕ್ಕ ತೆಗೆದ ಅಲ್ಲಿನ ವಿಜ್ಞಾನಿಗಳು, ಆ 27 ವರ್ಷದಲ್ಲಿ ದಿಬ್ಬದ ಹವಳ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ ಅಂದರು. ಆ ನಷ್ಟದಲ್ಲಿ ಚಂಡಮಾರುತದ ಪಾಲು ಶೇ. 48, ಈ ನಕ್ಷತ್ರ ಮೀನಿನ ಪಾಲು ಶೇ. 42. ಬಿಸಿ ನೀರಿನಿಂದ ಹವಳ ಬಿಳಚಿಕೊಂಡ ಪಾಲು ಆಗ ಬರೀ ಶೇ. 10.

ಹೆಸರಿನ ಹಳೇ ಕಥೆ

ಈ ಪ್ರಾಣಿಯನ್ನು ಪುಸ್ತಕದಲ್ಲಿ ಮೊದಲು ವರ್ಣಿಸಿದವರು ರುಂಫಿಯಸ್. ಇಂಡೋನೇಷ್ಯಾದ ಅಂಬಾನ್ ದ್ವೀಪದಲ್ಲಿ ಡಚ್ ಕಂಪನಿಯ ನೌಕರರಾಗಿದ್ದವರು. 1670ರಲ್ಲಿ ಕಣ್ಣು ಕಳೆದುಕೊಂಡ ಮೇಲೂ ಬರೆಸುವುದು ನಿಲ್ಲಿಸಲಿಲ್ಲ. ಅವರು ತೀರಿಕೊಂಡ ಮೂರು ವರ್ಷಕ್ಕೆ, 1705ರಲ್ಲಿ, ಪುಸ್ತಕ ಅಚ್ಚಾಯಿತು. ಅದರಲ್ಲಿ ಇದನ್ನು ‘ಹದಿನೈದು ಕಿರಣದ ಕಡಲ ನಕ್ಷತ್ರ’ ಅಂತ ಲ್ಯಾಟಿನ್‌ನಲ್ಲಿ ಕರೆದಿದ್ದಾರೆ. 1743ರಲ್ಲಿ ಇಟಲಿಯ ವೈದ್ಯ ಪ್ಲಾಂಕಸ್ ಮತ್ತು ಗ್ವಾಲ್ಟಿಯೆರಿ ಚಿತ್ರ ಸಮೇತ ಪ್ರಕಟಿಸಿದರು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದಾಗ, ಆ ಚಿತ್ರವನ್ನೇ ಆಧಾರ ಮಾಡಿಕೊಂಡು ಪ್ಲಾಂಕಸ್ ನೆನಪಿಗೆ ‘ಪ್ಲಾನ್ಸಿ’ ಅಂತ ಹೆಸರು ಕೊಟ್ಟರು. ಕುಲದ ಹೆಸರು ಆಮೇಲೆ ಬದಲಾಗಿ ‘ಅಕಾಂಥಾಸ್ಟರ್ ಪ್ಲಾನ್ಸಿ’ ಆಯಿತು.

ಇಲ್ಲೇ ಗೋಜಲು ಶುರು. ಚಿತ್ರಕ್ಕೆ ಮಾದರಿಯಾಗಿದ್ದ ಆ ಪ್ರಾಣಿ ಈಗ ಎಲ್ಲೂ ಇಲ್ಲ, ಕಳೆದೇ ಹೋಗಿದೆ. ಇದು ಯಾಕೆ ದೊಡ್ಡ ವಿಷಯ ಅನ್ನೋದು ಅಂಗಡಿಯವರಿಗೆ ಬೇಗ ಅರ್ಥ ಆಗುತ್ತೆ. ತಕ್ಕಡಿ ಬಟ್ಟಿಗೆ ಇಲಾಖೆಯವರು ಮುದ್ರೆ ಒತ್ತುವಾಗ ತಮ್ಮ ಹತ್ತಿರ ಇರುವ ಮೂಲ ತೂಕಕ್ಕೆ ಹೋಲಿಸಿ ನೋಡುತ್ತಾರಲ್ಲ, ಪ್ರಾಣಿಗಳ ಹೆಸರಿಗೂ ಹಾಗೇ ಒಂದು ಮೂಲ ಬೇಕು. ಇವತ್ತು ಹೊಸ ಪ್ರಭೇದ ಅಂತ ಘೋಷಿಸುವವರು ಒಂದು ನಿರ್ದಿಷ್ಟ ಪ್ರಾಣಿಯನ್ನು ಮೂಲ ಮಾದರಿ ಅಂತ ಗೊತ್ತು ಮಾಡಿ, ಸಂಖ್ಯೆ ಕೊಟ್ಟು ವಸ್ತುಸಂಗ್ರಹಾಲಯದಲ್ಲಿ ಇಡುತ್ತಾರೆ. ಇದಕ್ಕೆ ಹೋಲೋಟೈಪ್ ಅನ್ನುತ್ತಾರೆ. ಮುಂದೆ ಎಂದಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬೇಕು. ಪ್ಲಾನ್ಸಿಗೆ ಆ ಮೂಲ ಬಟ್ಟೇ ಇಲ್ಲ.

ಮೂಲ ಇಲ್ಲದ ಹೆಸರನ್ನು ಕೆಂಪು ಸಮುದ್ರದಿಂದ ಹಿಡಿದು ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಮುಳ್ಳು ಇರುವ ಎಲ್ಲದಕ್ಕೂ ಅಂಟಿಸುತ್ತಾ ಹೋದರು. ನಡುವೆ ಬೇರೆ ಹೆಸರು ಬಂದಿಲ್ಲ ಅಂತಲ್ಲ. 1885ರಲ್ಲಿ ದ ಲೋರಿಯೋಲ್ ಎಂಬುವರು ಮಾರಿಷಸ್‌ನದ್ದಕ್ಕೆ ‘ಮಾರಿಷಿಯೆನ್ಸಿಸ್’ ಅಂತ ಹೆಸರಿಟ್ಟಿದ್ದರು. 1917ರಲ್ಲಿ ಫಿಶರ್ ಫಿಲಿಪೈನ್ಸ್‌ನ ಗಿಡ್ಡ ಮುಳ್ಳಿನ ಒಂದಕ್ಕೆ ‘ಬ್ರೆವಿಸ್ಪೈನಸ್’ ಅಂದಿದ್ದರು. ಎರಡನೆಯದ್ದು ಹವಳವನ್ನೇ ನಂಬಿಕೊಂಡಿಲ್ಲದ, ನಿಜಕ್ಕೂ ಬೇರೆ ಪ್ರಾಣಿ, ಹಾಗಾಗಿ ಉಳಿಯಿತು. ಮಿಕ್ಕವನ್ನೆಲ್ಲ ಪ್ಲಾನ್ಸಿ ಎಂಬ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

2008: ಬಾರ್‌ಕೋಡ್ ಹೇಳಿದ ಸತ್ಯ

ಪ್ರಾಣಿಗಳ ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ‘ಸಿಒಐ’ ಅನ್ನುವ ಒಂದು ಜೀನ್ ಇದೆ. ಒಂದೇ ಪ್ರಭೇದದ ಒಳಗೆ ಅದು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಪ್ರಭೇದ ಬದಲಾದರೆ ಬದಲಾಗುತ್ತದೆ. ಅದಕ್ಕೇ ವಿಜ್ಞಾನಿಗಳೂ ಇದನ್ನು ಬಾರ್‌ಕೋಡ್ ಅಂತಲೇ ಕರೆಯುತ್ತಾರೆ. ಪೊಟ್ಟಣ ನೋಡೋಕೆ ಒಂದೇ ಥರ ಇದ್ದರೂ ಸ್ಕ್ಯಾನ್ ಮಾಡಿದಾಗ ಬೇರೆ ಮಾಲು ಅಂತ ಗೊತ್ತಾಗುತ್ತದಲ್ಲ, ಅದೇ ಕೆಲಸ.

ಕ್ಯಾಥರಿನ್ ವೋಗ್ಲರ್, ಜಾನ್ ಬೆಂಜಿ, ಗೆರ್ಟ್ ವೋರ್‌ಹೈಡೆ ಮತ್ತು ಸಂಗಡಿಗರು ಬೇರೆ ಬೇರೆ ಸಮುದ್ರದ ಮುಳ್ಳಿನ ಕಿರೀಟಗಳ ಈ ಜೀನ್ ಓದಿ 2008ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಅಂದುಕೊಂಡಿದ್ದು ನಾಲ್ಕು ಗುಂಪಾಗಿ ಬಿತ್ತು: ಶಾಂತ ಸಾಗರದ್ದು, ಹಿಂದೂ ಮಹಾಸಾಗರದ ಉತ್ತರದ್ದು, ಅದೇ ಸಾಗರದ ದಕ್ಷಿಣದ್ದು, ಕೆಂಪು ಸಮುದ್ರದ್ದು. ಗುಂಪುಗಳ ನಡುವಿನ ವ್ಯತ್ಯಾಸ ಶೇ. 8.8ರಿಂದ 10.6. ಇದು ಅಣ್ಣತಮ್ಮಂದಿರ ವ್ಯತ್ಯಾಸ ಅಲ್ಲ, ಬೇರೆ ಬೇರೆ ಪ್ರಭೇದದ ವ್ಯತ್ಯಾಸ. ಹತ್ತಿರ ಹತ್ತಿರ 20ರಿಂದ 36 ಲಕ್ಷ ವರ್ಷಗಳ ಹಿಂದೆಯೇ ಇವು ದಾರಿ ಬೇರೆ ಮಾಡಿಕೊಂಡಿವೆ ಅನ್ನುವುದು ಅವರ ಅಂದಾಜು.

ಕೆಂಪು ಸಮುದ್ರದ್ದು ಬೇರೆಯಾದದ್ದರಲ್ಲಿ ಆಶ್ಚರ್ಯ ಇಲ್ಲ ಅನ್ನೋದಕ್ಕೆ ನಕ್ಷೆ ನೋಡಿದರೆ ಸಾಕು. 2,000 ಕಿ.ಮೀ.ಗಿಂತ ಉದ್ದದ ಆ ಸಮುದ್ರಕ್ಕೆ ಹಿಂದೂ ಮಹಾಸಾಗರದ ಕಡೆ ಇರುವುದು ಬಾಬ್ ಎಲ್ ಮಂದಬ್ ಎಂಬ ಒಂದೇ ಬಾಗಿಲು, ಅದೂ ಸುಮಾರು 30 ಕಿ.ಮೀ. ಅಗಲ. ಅದರ ಹತ್ತಿರ ತಳ ಮೇಲಕ್ಕೆದ್ದು ಹೊಸ್ತಿಲಿನ ಹಾಗೆ ನಿಂತಿದೆ. ಹಿಮಯುಗದಲ್ಲಿ ಸಮುದ್ರ ಮಟ್ಟ ನೂರು ಮೀಟರ್‌ಗೂ ಹೆಚ್ಚು ಇಳಿದಾಗ ಒಳಗಿನ ನೀರಿಗೂ ಹೊರಗಿನ ನೀರಿಗೂ ಹೆಚ್ಚುಕಡಿಮೆ ಸಂಪರ್ಕವೇ ತಪ್ಪುತ್ತಿತ್ತು. ಒಳಗೆ ಸಿಕ್ಕಿಕೊಂಡ ಜೀವಿಗಳು ತಮ್ಮ ಪಾಡಿಗೆ ತಾವು ಬದಲಾದವು. ಬೇರೆಲ್ಲೂ ಇಲ್ಲದ ಹಲವು ಮೀನು, ಹವಳಗಳು ಅಲ್ಲಿರುವುದಕ್ಕೂ ಇದೇ ಕಾರಣ ಕೊಡುತ್ತಾರೆ.

ಭಟ್ಕಳ, ಕುಂದಾಪುರ, ಮಂಗಳೂರು ಕಡೆಯಿಂದ ದುಡಿಯಲು ಹೋದವರಿಗೆ ಜೆದ್ದಾ ಚೆನ್ನಾಗಿ ಗೊತ್ತು. ಹಜ್, ಉಮ್ರಾ ಮುಗಿಸಿ ಬಂದವರಿಗೂ ಗೊತ್ತು. ಆ ಊರು ನಿಂತಿರುವುದು ಇದೇ ಸಮುದ್ರದ ದಂಡೆಯ ಮೇಲೆ. ಅಲ್ಲಿನ ನೀರಿನಡಿ ಇರುವ ಮುಳ್ಳಿನ ಕಿರೀಟಕ್ಕೂ ಲಕ್ಷದ್ವೀಪದ್ದಕ್ಕೂ ಒಂದೇ ಹೆಸರು ಬರೆದುಕೊಂಡು ಬಂದಿದ್ದರು, ಅಷ್ಟೇ.

ಮತ್ತೆ 14 ವರ್ಷ ಯಾಕೆ?

ಬಾರ್‌ಕೋಡ್ ಬೇರೆ ಬಂತು ಅಂದ ತಕ್ಷಣ ಹೆಸರಿಡುವ ಹಾಗಿಲ್ಲ. ಮೊದಲು ಹಳೇ ಕಡತ ತೆಗೆಯಬೇಕು. ಆ ಪ್ರಾಣಿಗೆ 100 ವರ್ಷದ ಹಿಂದೆ ಯಾರೋ ಇಟ್ಟ ಹೆಸರು ಎಲ್ಲೋ ಮೂಲೆಯಲ್ಲಿ ಇದ್ದರೆ ಅದೇ ನಡೆಯುತ್ತದೆ, ಹೊಸದು ಬಿದ್ದುಹೋಗುತ್ತದೆ. ಜಮೀನು ಕೊಳ್ಳುವಾಗ ಋಣಭಾರ ಪತ್ರ ತೆಗೆಸಿದ ಹಾಗೆ ಹಿಂದಿನ ಎಲ್ಲ ಹೆಸರಿನ ಹಕ್ಕು ಪರಿಶೀಲಿಸಬೇಕು. ಜರ್ಮನಿಯ ಮ್ಯೂನಿಕ್‌ನ ಗೆರ್‌ಹಾರ್ಡ್ ಹಾಸ್‌ಪ್ರುನರ್ ಮತ್ತು ಸ್ಪೀಸ್ 2014ರಲ್ಲಿ ಈ ಕೆಲಸ ಮಾಡಿದರು. ಅವರ ಪರಿಶೀಲನೆ ಪ್ರಕಾರ ‘ಪ್ಲಾನ್ಸಿ’ ಹೆಸರು ಸಲ್ಲಬೇಕಾದ್ದು ಹಿಂದೂ ಮಹಾಸಾಗರದ ಉತ್ತರ ಭಾಗದ ಪ್ರಾಣಿಗೆ. ದಕ್ಷಿಣದ್ದಕ್ಕೆ ಹಳೇ ‘ಮಾರಿಷಿಯೆನ್ಸಿಸ್’ ಸಾಕು. ಕೆಂಪು ಸಮುದ್ರದ್ದಕ್ಕೆ ಮಾತ್ರ ಯಾವ ಹಳೇ ಹೆಸರೂ ಇಲ್ಲ. ಅಂದರೆ ಅದಕ್ಕೆ ಹೊಸದಾಗಿಯೇ ಇಡಬೇಕು.

ಆ ಕೆಲಸ ಮುಗಿದಿದ್ದು 2022ರಲ್ಲಿ. ಗೆರ್ಟ್ ವೋರ್‌ಹೈಡೆ, ಕಾಲ್ಟೆನ್‌ಬಾಹರ್, ಝಾರಾ-ಲೂಯಿಸ್ ಕೊವನ್, ಗೆರ್‌ಹಾರ್ಡ್ ಹಾಸ್‌ಪ್ರುನರ್ ಈ ನಾಲ್ವರು ‘ಝೂಟಾಕ್ಸಾ’ ಪತ್ರಿಕೆಯಲ್ಲಿ ಕೆಂಪು ಸಮುದ್ರದ ಪ್ರಾಣಿಯನ್ನು ವರ್ಣಿಸಿ ‘ಅಕಾಂಥಾಸ್ಟರ್ ಬೆಂಜಿಯೈ’ ಅಂತ ಹೆಸರಿಟ್ಟರು. ಮುಳ್ಳಿನ ಕಿರೀಟದ ಅನುವಂಶೀಯತೆ ಮೇಲೆ ಬಹಳ ವರ್ಷ ಕೆಲಸ ಮಾಡಿದ ಜಾನ್ ಬೆಂಜಿ ಅವರ ಗೌರವಕ್ಕೆ ಆ ಹೆಸರು. 2008ರ ತಂಡದಲ್ಲೂ ಅವರಿದ್ದರು. ಪ್ರಾಣಿಗೆ ತನ್ನದೇ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಈ ವಲಯದಲ್ಲಿ ಮರ್ಯಾದೆ ಅಲ್ಲ, ಬೇರೆಯವರು ಇಡಬೇಕು.

ನೋಡಿ ಗುರುತಿಸೋದು ಹೇಗೆ?

ಮೊದಲ ಗುರುತು ಕೈಗಳ ಲೆಕ್ಕ. ಬೇರೆ ಕಡೆಯ ಮುಳ್ಳಿನ ಕಿರೀಟಕ್ಕೆ ಕೈಗಳು 20 ದಾಟುವುದೂ ಉಂಟು. ಬೆಂಜಿಯೈಗೆ 11ರಿಂದ 14. ಎರಡನೆಯದು ಹೊಟ್ಟೆ ಭಾಗದ, ಅಂದರೆ ಬಾಯಿ ಇರುವ ಕೆಳಬದಿಯ ಮುಳ್ಳುಗಳು. ಅವು ಇದರಲ್ಲಿ ಸಪೂರ, ತುದಿ ಮಾತ್ರ ಚೂಪಿಲ್ಲ. ಬೆಣೆಯ ಹಾಗೆ ಅಥವಾ ಚಪ್ಪಟೆ. ಮೂರನೆಯದನ್ನು ಬರಿಗಣ್ಣಲ್ಲಿ ನೋಡುವುದು ಕಷ್ಟ. ನಕ್ಷತ್ರ ಮೀನಿನ ಚರ್ಮದ ಮೇಲೆ ಚಿಮಟದಂಥ ಪುಟ್ಟ ಪುಟ್ಟ ಅಂಗಗಳಿರುತ್ತವೆ. ಮೈಮೇಲೆ ಕೂರಲು ಬರುವ ಸಣ್ಣ ಜೀವಿಗಳನ್ನು ಅವು ಚಿವುಟಿ ಹಾಕುತ್ತವೆ. ಬೆಂಜಿಯೈಯಲ್ಲಿ ಇವುಗಳ ಆಕಾರ ಬೇರೆ, ಸಂಖ್ಯೆಯೂ ಕಡಿಮೆ.

ಬಣ್ಣ ನಂಬುವ ಹಾಗಿಲ್ಲ. ಮುಳ್ಳಿನ ಕಿರೀಟ ಬೂದು, ಕೆಂಪು, ಹಸಿರು, ನೇರಳೆ ಹೀಗೆ ಊರಿಗೊಂದು ಬಣ್ಣದಲ್ಲಿ ಸಿಗುತ್ತದೆ.

ಇಷ್ಟಾದರೂ ಹೊಸ ಪ್ರಭೇದ ಅನ್ನುವ ತೀರ್ಮಾನ ನಿಂತಿರುವುದು ಮುಖ್ಯವಾಗಿ ಡಿಎನ್ಎ ಮೇಲೆ. ಸಿಒಐ ಜೀನ್ ಜೊತೆಗೆ ಮೈಟೋಕಾಂಡ್ರಿಯಾದ ಇನ್ನೊಂದು ಭಾಗವನ್ನೂ ಓದಿ ನೋಡಿದ್ದಾರೆ. ಮೈಕಟ್ಟಿನ ವ್ಯತ್ಯಾಸದ ಬಗ್ಗೆ ಲೇಖಕರು ಬರೆದಿರುವುದು ‘ಬೇರೆ ಇರುವ ಹಾಗೆ ಕಾಣುತ್ತದೆ’ ಅನ್ನುವ ಎಚ್ಚರಿಕೆಯ ಮಾತಿನಲ್ಲೇ. ಉಳಿದ ಗುಂಪುಗಳ ಮೈಕಟ್ಟಿನ ವಿವರ ಇನ್ನೂ ಪೂರ್ತಿ ಇಲ್ಲ, ಅದು ಸಿಕ್ಕಿದ ಮೇಲೆ ಹೋಲಿಸಬೇಕು ಅಂತ ಅವರೇ ಹೇಳಿದ್ದಾರೆ. ಹೊಸದು ಕಂಡುಹಿಡಿದೆವು ಅಂತ ಡೋಲು ಬಾರಿಸುವ ಕಾಲದಲ್ಲಿ ಇದು ಒಳ್ಳೆಯ ನಡೆ.

ಹೆಸರು ಬದಲಾದರೆ ಏನಾಯ್ತು?

ಅಂಗಡಿಯಲ್ಲಿ ನಾಲ್ಕು ಬಗೆಯ ಅಕ್ಕಿಗೆ ‘ಅಕ್ಕಿ’ ಅಂತ ಒಂದೇ ಚೀಟಿ ಅಂಟಿಸಿ, ಒಂದೇ ಪುಟದಲ್ಲಿ ಲೆಕ್ಕ ಬರೆದರೆ ಏನಾಗುತ್ತದೋ ಅದೇ ಇಲ್ಲಿ ಆಗಿದ್ದು. ಯಾವುದು ಬೇಗ ಖರ್ಚಾಗುತ್ತೆ, ಯಾವುದಕ್ಕೆ ಹುಳ ಬೀಳುತ್ತೆ ಅನ್ನೋದು ಗೊತ್ತೇ ಆಗಲ್ಲ. ಒಂದರ ಗುಣ ನಾಲ್ಕಕ್ಕೂ ಹಚ್ಚಿಬಿಡುತ್ತೇವೆ.

ಉದಾಹರಣೆಗೆ, ಈ ಪ್ರಾಣಿಯ ಸಂಖ್ಯೆ ಯಾಕೆ ಸ್ಫೋಟವಾಗುತ್ತದೆ ಅನ್ನುವ ಪ್ರಶ್ನೆ. ಗುವಾಮ್‌ನಲ್ಲಿದ್ದ ಚಾರ್ಲ್ಸ್ ಬರ್ಕ್‌ಲ್ಯಾಂಡ್ 1982ರಲ್ಲಿ ಒಂದು ವಿವರಣೆ ಕೊಟ್ಟರು. ಜೋರು ಮಳೆಗೆ ನೆಲದ ಗೊಬ್ಬರದ ಅಂಶ ಸಮುದ್ರ ಸೇರುತ್ತದೆ, ನೀರಿನಲ್ಲಿ ಸೂಕ್ಷ್ಮ ಪಾಚಿ ಹೆಚ್ಚುತ್ತದೆ, ಅದನ್ನು ತಿಂದು ನಕ್ಷತ್ರ ಮೀನಿನ ಮರಿಗಳು ಹೆಚ್ಚು ಬದುಕುತ್ತವೆ, ಸುಮಾರು ಮೂರು ವರ್ಷದ ನಂತರ ದೊಡ್ಡವಾಗಿ ದಾಳಿ ಕಾಣುತ್ತದೆ ಅಂತ. ಶಾಂತ ಸಾಗರದ ದ್ವೀಪಗಳಿಗೆ, ಆಸ್ಟ್ರೇಲಿಯಾದ ಕಬ್ಬಿನ ಗದ್ದೆಗಳ ಕೆಳಗಿನ ಕರಾವಳಿಗೆ ಈ ಮಾತನ್ನು ಹೊಂದಿಸಿ ನೋಡುತ್ತಾರೆ. ಆದರೆ ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ನದಿ ಒಂದೂ ಸೇರುವುದಿಲ್ಲ. ಎರಡೂ ದಂಡೆ ಮರುಭೂಮಿ. ಆದರೂ 1970ರ ದಶಕದಲ್ಲಿ ಬ್ರಿಟಿಷ್ ಸಂಶೋಧಕರು ಸೂಡಾನ್ ಕಡೆ ಇವು ಗುಂಪುಗಟ್ಟುವುದನ್ನು ದಾಖಲಿಸಿದ್ದರು. 1990ರ ದಶಕದ ಕೊನೆಗೆ ಈಜಿಪ್ಟ್ ಕಡೆಯೂ ಹಾವಳಿ ಕಂಡಿತ್ತು. ಅಂದರೆ ಅಲ್ಲಿನ ಹಾವಳಿಗೆ ಕಾರಣ ಹುಡುಕುವವರು ಆ ಪ್ರಾಣಿಯನ್ನೇ ನೋಡಿ ಹುಡುಕಬೇಕು, ಆಸ್ಟ್ರೇಲಿಯಾದ ಪುಸ್ತಕ ತೆರೆದರೆ ಸಾಲದು.

ಇದರಲ್ಲಿ ತುರ್ತೂ ಇದೆ. ಕೆಂಪು ಸಮುದ್ರದ ಉತ್ತರ ತುದಿಯ ಹವಳಗಳು ಬೇರೆ ಕಡೆಯ ಹವಳಕ್ಕಿಂತ ಹೆಚ್ಚು ಬಿಸಿ ತಡೆಯುತ್ತವೆ ಅಂತ ಅಕಾಬಾ ಕೊಲ್ಲಿಯ ಪ್ರಯೋಗಗಳು ತೋರಿಸಿವೆ. ಭೂಮಿ ಕಾದಂತೆ ಬೇರೆಡೆ ಹವಳ ಸತ್ತರೂ ಅಲ್ಲಿ ಕೊನೆಯವರೆಗೆ ಉಳಿಯಬಹುದು ಎನ್ನುವ ನಿರೀಕ್ಷೆ ಇದೆ. ಆ ಹವಳವನ್ನು ತಿನ್ನುವ ಪ್ರಾಣಿ ಬೆಂಜಿಯೈ. ಅದು ಎಷ್ಟು ಮೊಟ್ಟೆ ಇಡುತ್ತದೆ, ಯಾವ ಹವಳ ಇಷ್ಟಪಡುತ್ತದೆ, ಅದರ ಮರಿ ಎಷ್ಟು ಬಿಸಿ ತಡೆಯುತ್ತದೆ ಎಂಬ ಲೆಕ್ಕವನ್ನೆಲ್ಲ ಈಗ ಅದರದ್ದೇ ಹೆಸರಿನಲ್ಲಿ ಪ್ರತ್ಯೇಕ ಪುಟ ತೆರೆದು ಬರೆಯಬಹುದು.

ನಿಯಂತ್ರಣದ ವಿಷಯವೂ ಹಾಗೇ. ಹಿಂದೆ ಮುಳುಗುಗಾರರು ಇವನ್ನು ಕತ್ತರಿಸಿ ಹಾಕುತ್ತಿದ್ದರು. ಕತ್ತರಿಸಿದ್ದು ಸಾಯದೆ ಮತ್ತೆ ಕೈ ಚಿಗುರಿಸಿಕೊಂಡು ಬದುಕಬಲ್ಲದು ಅಂತ ಗೊತ್ತಾದ ಮೇಲೆ ಅದು ನಿಂತಿತು. ಆಮೇಲೆ ರಾಸಾಯನಿಕದ ಚುಚ್ಚುಮದ್ದು ಬಂತು, ಒಂದೊಂದು ಪ್ರಾಣಿಗೂ ಹತ್ತಾರು ಸಲ ಚುಚ್ಚಬೇಕಿತ್ತು. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಎತ್ತಿನ ಪಿತ್ತರಸದಿಂದ ತೆಗೆದ ಲವಣವನ್ನು ಒಂದೇ ಸಲ ಚುಚ್ಚಿದರೆ ಸಾಕು ಅಂತ ತೋರಿಸಿದರು. 2015ರಲ್ಲಿ ಅಡುಗೆಮನೆಯ ವಿನೆಗರ್ ಕೂಡ ಸಾಕು ಅಂದರು. ಇವು ಆಸ್ಟ್ರೇಲಿಯಾದ ನೀರಿನ ಪ್ರಾಣಿಯ ಮೇಲೆ ರೂಪುಗೊಂಡ ಮದ್ದು. ಇನ್ನೊಂದು ಪ್ರಭೇದಕ್ಕೆ ಬಳಸುವ ಮೊದಲು ಅದರ ಮೇಲೂ ಪರೀಕ್ಷೆ ಮಾಡಿ ನೋಡುವುದು ಕ್ಷೇಮ.

ನಮ್ಮ ಪಾಲಿಗೆ ಉಳಿದಿದ್ದು ಹಳೇ ಹೆಸರು

ಕರ್ನಾಟಕದ ದಂಡೆಯಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲ. ಮಳೆಗಾಲದಲ್ಲಿ ಕಾಳಿ, ಅಘನಾಶಿನಿ, ಶರಾವತಿ ಎಲ್ಲ ಸೇರಿ ತರುವ ಸಿಹಿನೀರು, ಕೆಂಪು ಮಣ್ಣು ಹವಳಕ್ಕೆ ಆಗಿಬರುವುದಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿಯಂಥ ದ್ವೀಪದ ಸುತ್ತ, ದಡದಿಂದ ದೂರ, ಸ್ವಲ್ಪ ಹವಳ ಇದೆ. ಆದರೆ ಲಕ್ಷದ್ವೀಪದ ಕಥೆ ಬೇರೆ, ಅಲ್ಲಿ ಕಾಲಿಡುವ ನೆಲವೇ ಹವಳ. ಮಂಗಳೂರು ಹಳೇ ಬಂದರಿನಿಂದ ಮಂಜಿಗಳಲ್ಲಿ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿ ಕಳಿಸುವ ವ್ಯಾಪಾರಿಗಳಿಗೆ ಆ ದ್ವೀಪಗಳ ಪರಿಚಯ ಇದೆ. ಅಲೆಗಳ ಹೊಡೆತವನ್ನು ತಡೆದು ದ್ವೀಪ ಉಳಿಸುವುದು ಸುತ್ತಲಿನ ದಿಬ್ಬ. ಬಿಸಿ ನೀರಿಗೆ ಅಲ್ಲಿನ ಹವಳ 1998, 2010 ಮತ್ತು 2016ರಲ್ಲಿ ಬಿಳಚಿಕೊಂಡು ಪೆಟ್ಟು ತಿಂದಿದೆ. ಮುಳ್ಳಿನ ಕಿರೀಟವೂ ಅಲ್ಲಿ ಇದೆ, ಅಂಡಮಾನ್‌ನಲ್ಲೂ ಇದೆ.

ಹಿಂದೂ ಮಹಾಸಾಗರದ ಉತ್ತರ ಭಾಗದ ಈ ಪ್ರಾಣಿಗೇ ಈಗ ‘ಅಕಾಂಥಾಸ್ಟರ್ ಪ್ಲಾನ್ಸಿ’ ಹೆಸರು ಸಲ್ಲುವುದು. ಕೇಳೋಕೆ ಲಾಭದ ಹಾಗೆ ಕಂಡರೂ ಇದರಲ್ಲಿ ಒಂದು ತೊಡಕಿದೆ. ‘ಪ್ಲಾನ್ಸಿ’ ಎಂಬ ಹೆಸರಿನಲ್ಲಿ 50-60 ವರ್ಷ ಬರೆದಿಟ್ಟ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಶಾಂತ ಸಾಗರದ ಪ್ರಾಣಿಯದ್ದು. ಹೆಸರು ನಮ್ಮ ಕಡೆಗೆ ಬಂತು, ಅದರ ಜೊತೆ ಬರಬೇಕಿದ್ದ ಮಾಹಿತಿ ಮಾತ್ರ ಬೇರೆಯದರ ಖಾತೆಗೆ ಹೋಯ್ತು. ಲಕ್ಷದ್ವೀಪದ ಬಗ್ಗೆ ಓದುವ ವಿದ್ಯಾರ್ಥಿಗಳು ಹಳೇ ಲೇಖನದಲ್ಲಿ ‘ಪ್ಲಾನ್ಸಿ’ ಅಂತ ಕಂಡರೆ ಮೊದಲು ನೋಡಬೇಕಾದ್ದು ಪ್ರಾಣಿ ಹಿಡಿದದ್ದು ಯಾವ ಸಮುದ್ರದಲ್ಲಿ ಅನ್ನೋದನ್ನು.

ಅಂಗಡಿಯವರಿಗೆ ಸಂಬಂಧಿಸಿದ ಒಂದು ಮಾತು. ದೊಡ್ಡ ಮುಳ್ಳಿನ ಕಿರೀಟವನ್ನು ಹಿಡಿದು ತಿನ್ನುವ ಧೈರ್ಯ ಇರುವ ಕೆಲವೇ ಜೀವಿಗಳಲ್ಲಿ ‘ಟ್ರೈಟನ್’ ಅನ್ನುವ ದೊಡ್ಡ ಶಂಖದ ಹುಳು ಒಂದು. ಪ್ರವಾಸಿ ತಾಣಗಳಲ್ಲಿ ಅಲಂಕಾರಕ್ಕೆ ಮಾರುವ, ಕಂದು ಚುಕ್ಕೆಯ ಉದ್ದನೆ ಶಂಖ ಅದರದ್ದೇ ಚಿಪ್ಪು. ಚಿಪ್ಪಿನ ಆಸೆಗೆ ಅದನ್ನು ಹಿಡಿದು ಮುಗಿಸಿದ್ದೂ ನಕ್ಷತ್ರ ಮೀನು ಹೆಚ್ಚೋಕೆ ಒಂದು ಕಾರಣ ಇರಬಹುದು ಅನ್ನುವ ವಾದ ಹಳೆಯದು. ನಮ್ಮಲ್ಲಿ ಈ ಶಂಖವೂ, ದಿಬ್ಬ ಕಟ್ಟುವ ಗಟ್ಟಿ ಹವಳವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಮಾರಾಟಕ್ಕೆ ಇಟ್ಟರೆ ಕೇಸು ಬೀಳುತ್ತೆ.

ಮುಳ್ಳು ಚುಚ್ಚಿದರೆ?

ಲಕ್ಷದ್ವೀಪ, ಅಂಡಮಾನ್, ಕೆಂಪು ಸಮುದ್ರ ಎಲ್ಲೇ ಸ್ಕೂಬಾಕ್ಕೆ ಇಳಿದರೂ ಇದನ್ನು ಮುಟ್ಟಬಾರದು. ಮುಳ್ಳು ತೆಳುವಾದ ಕೈಗವಸನ್ನು ದಾಟಿ ಒಳಗೆ ಹೋಗುತ್ತದೆ, ತುದಿ ಮುರಿದು ಅಲ್ಲೇ ಉಳಿಯುತ್ತದೆ. ಅದರ ಚರ್ಮದಲ್ಲಿ ಸೋಪಿನ ನೊರೆಯಂಥ ‘ಸಪೋನಿನ್’ ವಿಷ ಇದೆ. ಗಂಟೆಗಟ್ಟಲೆ ಉರಿ, ಬಾವು, ಕೆಲವರಿಗೆ ವಾಂತಿ. ಕಾಣುವ ಮುಳ್ಳನ್ನು ನಿಧಾನ ತೆಗೆದು, ಗಾಯದ ಭಾಗವನ್ನು ತಡೆಯುವಷ್ಟು ಬಿಸಿಯ ನೀರಿನಲ್ಲಿ ಅದ್ದಿಡುವುದು ಪ್ರಥಮ ಚಿಕಿತ್ಸೆ. ಸುಟ್ಟುಕೊಳ್ಳುವಷ್ಟು ಬಿಸಿ ಬೇಡ. ಒಳಗೆ ಮುರಿದಿದ್ದರೆ, ಬಾವು ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಕಂಡರೆ ಫೋಟೊ ತೆಗೆದು, ಕೈಗಳನ್ನು ಎಣಿಸಿ, ಜಾಗ ಬರೆದುಕೊಂಡರೆ ಸಾಕು.

ಇನ್ನು ನಾಲ್ಕರಲ್ಲಿ ಉಳಿದ ಒಂದು, ಶಾಂತ ಸಾಗರದ್ದು. ಎಲ್ಲಕ್ಕಿಂತ ಹೆಚ್ಚು ಹವಳ ತಿಂದಿದ್ದು ಅದು, ಎಲ್ಲಕ್ಕಿಂತ ಹೆಚ್ಚು ಅಧ್ಯಯನ ನಡೆದಿದ್ದೂ ಅದರ ಮೇಲೆ. ಅದಕ್ಕೆ 1793ರಲ್ಲಿ ಶ್ರೇಬರ್ ಇಟ್ಟ ‘ಸೋಲಾರಿಸ್’ ಹೆಸರು ಸಲ್ಲಬಹುದು ಅಂತ ಲೆಕ್ಕ. ಆದರೆ ಶ್ರೇಬರ್ ತಮ್ಮ ಪ್ರಾಣಿ ಸಿಕ್ಕಿದ ಜಾಗ ಅಂತ ಬರೆದಿದ್ದು ದಕ್ಷಿಣ ಅಮೆರಿಕದ ತುದಿಯ ಮೆಗೆಲನ್ ಜಲಸಂಧಿ. ಅಲ್ಲಿನ ಕೊರೆಯುವ ತಣ್ಣೀರಿನಲ್ಲಿ ಹವಳದ ದಿಬ್ಬವೇ ಇಲ್ಲ. ಹಾಗಾಗಿ ಎಷ್ಟೋ ಸಂಶೋಧಕರು ಇವತ್ತಿಗೂ ಆ ಹೆಸರಿನ ನಡುವೆ ‘ಇದಕ್ಕೆ ಹೋಲಿಸಿ’ ಅನ್ನುವ ಅರ್ಥದ ಗುರುತು ಹಾಕಿಯೇ ಬರೆಯುತ್ತಾರೆ.